ಪುಣೆಯ ಇಂಜಿನಿಯರಿಂಗ್ ಕಾಲೇಜು

ಮುಂಬಯಿಯಿಂದ ಪುಣೆಗೆ ರೈಲಿನಲ್ಲಿ ಹೋಗುವ ಬಂಧುಗಳು ಶಿವಾಜಿನಗರ ದಾಟಿದ ಮೇಲೆ ಮುಳಾ-ಮುಠಾ ನದಿಗಳ ಸಂಗಮದ ಬಳಿ ಹಾಯ್ದಿರುತ್ತಾರೆ. ಅದರ ಮಗ್ಗುಲಲ್ಲೇ ಇರುವ ಇಂಜಿನಿಯರಿಂಗ್ ಕಾಲೇಜಿನ ಪೂರ್ವೋತ್ತರವನ್ನು ಈ ಸಲ ತಿಳಿಯೋಣ.

ಅದು ಹುಟ್ಟಿದ್ದು ದೊಡ್ಡ ಇಂಜಿನಿಯರುಗಳಿಗಾಗಿ ಅಲ್ಲ. ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ರಸ್ತೆ, ಕಾಲುವೆ, ಕಟ್ಟಡಗಳ ಕೆಲಸವೂ ಹೆಚ್ಚುತ್ತಿದ್ದ ಕಾಲ. ನಕ್ಷೆ ಓದಬಲ್ಲ, ಅಳತೆ ಹಿಡಿಯಬಲ್ಲ ಕೆಳದರ್ಜೆಯ ನೌಕರರು ಮರಾಮತ್ತು ಇಲಾಖೆಗೆ ಬೇಕಾಗಿದ್ದರು. ಅವರನ್ನು ತಯಾರು ಮಾಡಲೆಂದೇ 1854ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ತರಗತಿಯೂ ಯಂತ್ರಶಾಲೆಯೂ ಆರಂಭವಾದವು. ಗುಮಾಸ್ತರೂ ಕಾರ್ಮಿಕರೂ ಆದ ನಾವು ಈ ಸಂಗತಿಯನ್ನು ಕೊಂಚ ಹೆಮ್ಮೆಯಿಂದಲೇ ನೆನೆಯಬಹುದು.

1865ರಲ್ಲಿ ಈಗಿನ ಮುಖ್ಯ ಕಟ್ಟಡಕ್ಕೆ ಗವರ್ನರ್ ಬಾರ್ಟಲ್ ಫ್ರಿಯರ್ ಅಡಿಗಲ್ಲಿಟ್ಟರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಪದವಿ ಬಂದಿತು. ಹೆಸರು ಬದಲಾಯಿಸುವುದರಲ್ಲಂತೂ ಈ ಸಂಸ್ಥೆಗೆ ಬೇಸರವಿಲ್ಲ! 1879ರಲ್ಲಿ ವಿಜ್ಞಾನ ಕಾಲೇಜು, 1911ರಲ್ಲಿ ಇಂಜಿನಿಯರಿಂಗ್ ಕಾಲೇಜು, 2022ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ.

ವಿಜ್ಞಾನ ಕಾಲೇಜು ಎಂದಿದ್ದಾಗಲೇ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದದ್ದು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಂಡು ಬೆಂಗಳೂರಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದ್ದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯದಿದ್ದರೆ ಪುಣೆಯ ಓದು ಅವರಿಗೆ ಎಟುಕುತ್ತಿರಲಿಲ್ಲವೆಂದೇ ನಮ್ಮ ಎಣಿಕೆ. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಜೇಮ್ಸ್ ಬರ್ಕ್‌ಲೆ ಹೆಸರಿನ ಬಹುಮಾನವೂ ಬಂದಿತು. ಈ ಬರ್ಕ್‌ಲೆ ಯಾರು? ಮುಂಬಯಿ-ಪುಣೆ ಪ್ರಯಾಣದಲ್ಲಿ ನಾವು ಹತ್ತಿಳಿಯುವ ಭೋರ್ ಘಾಟಿನ ರೈಲು ಹಾದಿಗೆ ಯೋಜನೆ ಹಾಕಿದ ಇಂಜಿನಿಯರು. 1862ರಲ್ಲಿ ತೀರಿಕೊಂಡರು, ಹಾದಿ ತೆರೆದದ್ದು ಮರುವರ್ಷ.

1884ರಲ್ಲಿ ಮುಂಬಯಿ ಸರ್ಕಾರದ ನೌಕರಿ ಸೇರಿದ ವಿಶ್ವೇಶ್ವರಯ್ಯನವರು ಮುಂದೆ ಪುಣೆಯ ಹತ್ತಿರದ ಖಡಕ್‌ವಾಸಲಾ ಜಲಾಶಯಕ್ಕೆ ತಾವೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ಪ್ರವಾಹದ ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ಅವು ತೆರೆಯುತ್ತಿದ್ದವು, ಇಳಿದಾಗ ಮುಚ್ಚುತ್ತಿದ್ದವು, ಕಾವಲುಗಾರ ಮುಟ್ಟಬೇಕಿರಲಿಲ್ಲ. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತಾಯಿತು. ಅಲ್ಲಿಂದ ಇಳಿಯುವ ಮುಠಾ ನದಿಯೇ ಕಾಲೇಜಿನ ಬಳಿಯ ಸಂಗಮಕ್ಕೆ ಬರುವುದು. ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲೂ ಒಂದು ಇಂಜಿನಿಯರಿಂಗ್ ಕಾಲೇಜು ತೆರೆಯಿಸಿದರು. ಅಲ್ಲಿಂದ ಮುಂದೆ ಮೈಸೂರು ಸೀಮೆಯ ಹುಡುಗರು ಈ ಓದಿಗಾಗಿ ಪುಣೆಯವರೆಗೆ ಬರಬೇಕಾಗಿರಲಿಲ್ಲ.

ಪುಣೆಯ ವಿದ್ಯಾರ್ಥಿಗಳ ಬಾಳು ಬರೀ ಲೆಕ್ಕ, ನಕ್ಷೆಗಳದ್ದಲ್ಲ. ನದಿ ದಡದಲ್ಲಿ 1928ರಿಂದ ಅವರದೇ ದೋಣಿ ಸಂಘವಿದೆ. ವರ್ಷಕ್ಕೊಮ್ಮೆ ರೆಗಟ್ಟಾ ಎಂಬ ಜಲೋತ್ಸವ ನಡೆಯುತ್ತದೆ. ಹುಡುಗರೂ ಹುಡುಗಿಯರೂ ದೋಣಿಗಳನ್ನು ಸಾಲುಗೂಡಿಸಿ ನೀರಿನ ಮೇಲೆ ಬಗೆಬಗೆಯ ಆಕೃತಿ ಬರೆಯುತ್ತಾರೆ. ಊರಿನ ಜನ ದಡದಲ್ಲಿ ಕುಳಿತು ನೋಡುತ್ತಾರೆ.