ದೇವರ ಕಿರೀಟವನ್ನು ಪಾಲು ಮಾಡಬಹುದೇ?

ಪ್ರಶ್ನೆ: ನಮ್ಮ ಅತ್ತೆಯವರು ತಮ್ಮ ಪಾಟಲಿ ಮುರಿಸಿ ಮನೆದೇವರು ವೆಂಕಟರಮಣನಿಗೆ ಹರಳು ಕೂಡಿಸಿದ ಸಣ್ಣ ಬಂಗಾರದ ಕಿರೀಟ ಮಾಡಿಸಿದ್ದರು. ವರ್ಷವೆಲ್ಲ ಬ್ಯಾಂಕಿನ ಲಾಕರಿನಾಗ ಇರ್ತದ, ನವರಾತ್ರಿಗೆ ಮಾತ್ರ ತರ್ತೀವಿ. ಹೀಗೆ ಮುಚ್ಚಿಡುವುದು ದೋಷವೇ? ಅತ್ತೆಯವರು ತೀರಿಕೊಂಡ ಮ್ಯಾಲೆ ಅಣ್ಣತಮ್ಮಂದಿರು ಮೂವರೂ ಬ್ಯಾರೆ ಆಗ್ಯಾರ. ಮೈದುನರ ಮಗಳ ಲಗ್ನ ಬಂದದ. ಕಿರೀಟ ಕರಗಿಸಿ ಮೂರು ಪಾಲು ಮಾಡೋಣ ಅಂತಾರ. ಏನು ಮಾಡಬೇಕು?
– ಒಬ್ಬ ಓದುಗರು, ಜೋರಾಪುರ ಪೇಟೆ, ವಿಜಯಪುರ

ಉತ್ತರ: ತಾಯಿ, ಮೊದಲು ಲಾಕರಿನ ಚಿಂತೆ ಬಿಡಿ. ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯ ವೈರಮುಡಿಯೇ ಗುಡಿಯಲ್ಲಿರುವುದಿಲ್ಲ, ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ! ಫಾಲ್ಗುಣದ ಬ್ರಹ್ಮೋತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ, ದಾರಿಯ ಊರುಗಳಲ್ಲಿ ಪೂಜೆ ಮಾಡಿಸಿಕೊಂಡು ಸಂಜೆಗೆ ಬೆಟ್ಟ ಸೇರುತ್ತದೆ. ರಾತ್ರಿ ಗರುಡವಾಹನದ ಮೇಲೆ ಸ್ವಾಮಿ ಅದನ್ನು ಧರಿಸುತ್ತಾನೆ. ಪ್ರಹ್ಲಾದನ ಮಗ ವಿರೋಚನ ಕ್ಷೀರಸಾಗರದಿಂದ ಕದ್ದೊಯ್ದ ಕಿರೀಟವನ್ನು ಗರುಡ ಗೆದ್ದು ತಂದ, ಅದೇ ಕೃಷ್ಣನ ಕೈಯಿಂದ ಮೇಲುಕೋಟೆಗೆ ಬಂತು ಎಂಬುದು ಅಲ್ಲಿಯ ಐತಿಹ್ಯ. ಅಂಥ ಕಿರೀಟವೇ ಬೀಗದೊಳಗಿರುವಾಗ ನಿಮ್ಮದಕ್ಕೆ ಯಾವ ದೋಷ? ಕಾಯುವುದೂ ಸೇವೆಯೇ. ಹೂವು ಮರುದಿನಕ್ಕೆ ನಿರ್ಮಾಲ್ಯವಾಗುತ್ತದೆ, ಬಂಗಾರ ಆಗುವುದಿಲ್ಲ.

ಪಾಲಿನ ಮಾತು ಬೇರೆ. ಅದೇ ಮೇಲುಕೋಟೆಯಲ್ಲಿ ಇನ್ನೆರಡು ಕಿರೀಟಗಳಿವೆ. ರಾಜಮುಡಿಯನ್ನು ಒಪ್ಪಿಸಿದವರು 1578ರಿಂದ 1617ರವರೆಗೆ ಆಳಿದ ರಾಜ ಒಡೆಯರು. ಕೃಷ್ಣರಾಜಮುಡಿ ಮುಮ್ಮಡಿ ಕೃಷ್ಣರಾಜ ಒಡೆಯರದು. 1831ರಲ್ಲಿ ಇಂಗ್ಲಿಷರು ಈ ಮುಮ್ಮಡಿಯವರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡರು. ಅವರ ಮುಡಿಯ ಉತ್ಸವ ಮಾತ್ರ ಈಗಲೂ ಆಷಾಢದಲ್ಲಿ ನಡೆಯುತ್ತದೆ. ಹೆಸರು ದೊರೆಗಳದು, ಒಡವೆ ದೇವರದು. ನಿಮ್ಮ ಮನೆದೇವರ ಬೆಟ್ಟದಲ್ಲೂ ಇದೇ ಕಥೆ: 1513ರ ಫೆಬ್ರವರಿಯಲ್ಲಿ ಕೃಷ್ಣದೇವರಾಯ ತಿರುಮಲೆಗೆ ಬಂದು ನವರತ್ನದ ಕಿರೀಟ ಒಪ್ಪಿಸಿದ್ದು ಶಾಸನದಲ್ಲಿದೆ. 1565ರ ಯುದ್ಧದಲ್ಲಿ (ಅದರ ಸುದ್ದಿ ವಿಜಯಪುರದವರಿಗೆ ನಾನೇನು ಹೇಳಲಿ!) ವಿಜಯನಗರ ಹಾಳಾಯಿತು. ದೇವರಿಗೆ ಕೊಟ್ಟದ್ದರ ಲೆಕ್ಕ ಮಾತ್ರ ಕಲ್ಲಿನಲ್ಲಿ ಹಾಗೇ ಉಳಿದಿದೆ.

ನಿಮ್ಮ ಅತ್ತೆಯವರೂ ಮಾಡಿದ್ದು ಅದನ್ನೇ. ಪಾಟಲಿ ಅವರದಾಗಿತ್ತು, ದೇವರ ತಲೆಗೆ ಇಟ್ಟ ದಿನ ಅದು ಅವರದಾಗಿ ಉಳಿಯಲಿಲ್ಲ, ಹಾಗಾಗಿ ಮಕ್ಕಳಿಗೆ ಬರುವ ಆಸ್ತಿಯೂ ಅಲ್ಲ. ಕೊಟ್ಟದ್ದನ್ನು ಮರಳಿ ತೆಗೆದುಕೊಳ್ಳುವುದನ್ನು ಶಾಸ್ತ್ರ ದತ್ತಾಪಹಾರ ಅನ್ನುತ್ತದೆ, ದೋಷ ಇರುವುದು ಅಲ್ಲಿ. ಕಿರೀಟ ಸವೆದು ಮುರಿದಿದ್ದರೆ ಕರಗಿಸಬಹುದು, ಆದರೆ ಅದೇ ಬಂಗಾರದಿಂದ ಅದೇ ದೇವರಿಗೇ ಒಡವೆ ಆಗಬೇಕು.

ಹಾಗಂತ ಮೈದುನರನ್ನು ಆಡಿಕೊಳ್ಳಬೇಡಿ. ಬಂಗಾರದ ಈಗಿನ ರೇಟಿನಲ್ಲಿ ಹೆಣ್ಣಿನ ಲಗ್ನ ಮಾಡುವವನ ಸಂಕಟ ಅವನಿಗೇ ಗೊತ್ತು. ಉಳಿದ ಇಬ್ಬರು ಅಣ್ಣತಮ್ಮಂದಿರು ತಮ್ಮ ಕೈಲಾದಷ್ಟು ಅವರಿಗೆ ಕೊಡಲಿ, ಸಾಲವಾಗಿ ಕೊಟ್ಟರೂ ಸರಿ. ಈ ಮಾತನ್ನು ಮೊದಲು ಆಡಿ, ಕಿರೀಟದ ಮಾತನ್ನು ಆಮೇಲೆ ಎತ್ತಿ.

ಕಿರೀಟಕ್ಕೆ ಪಾಳಿ ಹಚ್ಚಿಕೊಳ್ಳಿ: ಒಂದೊಂದು ವರ್ಷ ಒಬ್ಬೊಬ್ಬರ ಮನೆಯಲ್ಲಿ ನವರಾತ್ರಿಯ ಅಲಂಕಾರ. ಈ ಸಲದ ಪಾಳಿ ಮೈದುನರ ಮನೆಗೇ ಹೋಗಲಿ, ಮದುಮಗಳು ತನ್ನ ಕೈಯಾರೆ ಏರಿಸಲಿ. ತೂಕ ಎಷ್ಟು, ಹರಳು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ ಲಾಕರಿನಲ್ಲೇ ಇಡಿ.

ಹೊರತಂದ ದಿನ ಅಂಟುವಾಳದ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒರೆಸಿ, ತುಳಸಿಯಿಂದ ನೀರು ಪ್ರೋಕ್ಷಿಸಿ ಏರಿಸಿದರೆ ಸಾಕು. ಬಿಸಿನೀರು ಮಾತ್ರ ಬೇಡ. ಹಳೆಯ ಒಡವೆಗಳಲ್ಲಿ ಹರಳಿನ ಕೆಳಗೆ ಅರಗು ಇರುತ್ತದೆ, ಕರಗಿ ಹರಳು ಉದುರೀತು.