ಚೀಟಿಯಲ್ಲಿ ಸೊಪ್ಪು ಬರೆಯುವ ಮುನ್ನ

‘ಸೊಪ್ಪು, ತರಕಾರಿ, ಹಣ್ಣು ಚೆನ್ನಾಗಿ ತಿನ್ನಿ’ ಎನ್ನದ ವೈದ್ಯರು ಸಿಗುವುದು ಕಷ್ಟ. ಆದರೆ ಚೀಟಿಗೆ ಬರುವುದು ಮಾತ್ರೆ ಮಾತ್ರ, ಸೊಪ್ಪು ಬಾಯಿಮಾತಿನಲ್ಲೇ ಉಳಿಯುತ್ತದೆ. ಅದನ್ನೂ ಚೀಟಿಯಲ್ಲಿ ಬರೆದು, ಖರ್ಚನ್ನು ಆರೋಗ್ಯದ ಲೆಕ್ಕಕ್ಕೇ ಹಾಕಬೇಕೆನ್ನುವ ಪ್ರಯತ್ನ ಅಮೆರಿಕದಲ್ಲಿ ಹಲವು ಕಡೆ ನಡೆದಿದೆ. ಪೌಷ್ಟಿಕತೆಯ ಕೆಲಸದಲ್ಲಿದ್ದುಕೊಂಡು ಅದನ್ನು ಗಮನಿಸುತ್ತ ಬಂದ ನನಗೆ ಕಡೆಗೂ ಮನದಟ್ಟಾದದ್ದು ಇಷ್ಟು: ಬುಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಯಾವ ಕಾಯಿಲೆಗೆ ಕೊಟ್ಟೆವು ಎಂಬುದು ಮುಖ್ಯ. ಹೊಟ್ಟೆಗಿಲ್ಲದೆ ಬಂದ ಕಾಯಿಲೆಗೆ ಊಟವೇ ಔಷಧ. ಉಳಿದ ಕಡೆ ಅದು ಊಟ. ಊಟವೆಂದೇ ಕೊಡಲು ಏನು ಅಡ್ಡಿ?

ಈ ಯೋಚನೆಯ ಬೇರು ಮಿಸಿಸಿಪಿಯ ಮೌಂಡ್ ಬಾಯೂ ಎಂಬ ಸಣ್ಣ ಊರಿನಲ್ಲಿದೆ. 1960ರ ದಶಕದಲ್ಲಿ ಡಾ. ಜ್ಯಾಕ್ ಗೈಗರ್ ಮತ್ತು ಸಂಗಡಿಗರು ಅಲ್ಲಿ ಡೆಲ್ಟಾ ಹೆಲ್ತ್ ಸೆಂಟರ್ ಕಟ್ಟಿದರು. ಹತ್ತಿ ಹೊಲಗಳಿಗೆ ಯಂತ್ರ ಬಂದು ಕೂಲಿ ಕಳೆದುಕೊಂಡಿದ್ದ ಕಪ್ಪು ಜನರ ಮಕ್ಕಳು ಅರೆಹೊಟ್ಟೆಯಲ್ಲಿ ಸೊರಗಿ, ಸೋಂಕು ಹತ್ತಿಸಿಕೊಂಡು ಬರುತ್ತಿದ್ದರು. ವೈದ್ಯರು ಆಹಾರವನ್ನೇ ಚೀಟಿಯಲ್ಲಿ ಬರೆದರು. ಸ್ಥಳೀಯ ಅಂಗಡಿಯವರು ಸಾಮಾನು ಕೊಟ್ಟರು. ಬಿಲ್ಲು ಆಸ್ಪತ್ರೆಯ ಔಷಧದ ಲೆಕ್ಕಕ್ಕೆ ಬಂತು. ಆ ಹಣ ರೋಗಕ್ಕೆ ಔಷಧ ಕೊಳ್ಳುವುದಕ್ಕೆ ಎಂದು ವಾಷಿಂಗ್ಟನ್ನಿನಿಂದ ಆಕ್ಷೇಪಣೆ ಬಂದಾಗ, ಅಪೌಷ್ಟಿಕತೆಗೆ ವೈದ್ಯಶಾಸ್ತ್ರ ಹೇಳುವ ಔಷಧ ಆಹಾರವೇ ಅಲ್ಲವೇ ಎಂಬರ್ಥದ ಉತ್ತರ ಕೊಟ್ಟರು ಗೈಗರ್. ಈ ಉತ್ತರವನ್ನು ಚತುರೋಕ್ತಿಯಂತೆ ಮೆಲುಕು ಹಾಕುವವರು ಬಹಳ. ಅದರೊಳಗಿನ ರೋಗನಿರ್ಣಯವನ್ನು ಗಮನಿಸುವವರು ಕಡಿಮೆ. ಆಹಾರ ಎಲ್ಲದಕ್ಕೂ ಮದ್ದು ಎಂದು ಅವರು ಹೇಳಲಿಲ್ಲ. ಮುಂದೆ ಅಲ್ಲಿನ ಕುಟುಂಬಗಳೇ ಸಹಕಾರಿ ಬೇಸಾಯ ಹೂಡಿ ತರಕಾರಿ ಬೆಳೆದುಕೊಂಡವು.

ಇಂದಿನ ತರಕಾರಿ ಚೀಟಿ ಹೆಚ್ಚಾಗಿ ಹೋಗುವುದು ಬಡವರಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ. 2018ರ ಅಮೆರಿಕದ ಕೃಷಿ ಕಾಯ್ದೆ ಇದಕ್ಕೆ ಸರ್ಕಾರಿ ಹಣದ ದಾರಿ ತೆರೆಯಿತು. 2023ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಜೊತೆಯಲ್ಲಿಟ್ಟು ಓದಬೇಕು. ಒಂದು, 12 ರಾಜ್ಯಗಳ 9 ಕಾರ್ಯಕ್ರಮಗಳ 3,881 ಜನರದ್ದು: ಅವರು ಹಣ್ಣು ತರಕಾರಿ ಹೆಚ್ಚು ತಿಂದರು, ಬಿಪಿ, ಸಕ್ಕರೆ ಇಳಿದವು, ಮನೆಯಲ್ಲಿ ಊಟಕ್ಕೆ ತತ್ವಾರವಾಗುವ ಸಂಭವ ಮೂರರಲ್ಲೊಂದು ಪಾಲಿನಷ್ಟು ಕಡಿಮೆಯಾಯಿತು. ಆದರೆ ಹೋಲಿಸಲು ಚೀಟಿ ಸಿಗದವರ ಗುಂಪು ಇರಲಿಲ್ಲ. ಇನ್ನೊಂದರಲ್ಲಿ ಅಂಥ ಗುಂಪಿತ್ತು. ಸಕ್ಕರೆ ಹತೋಟಿ ತಪ್ಪಿದವರನ್ನು ಲಾಟರಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಇಡೀ ಮನೆಗೆ ವಾರಕ್ಕೆ 10 ಊಟದ ಸಾಮಾನು, ಆಹಾರತಜ್ಞರ ಸಲಹೆ ಎಲ್ಲವನ್ನೂ ಕೊಟ್ಟರು. ಆರು ತಿಂಗಳಿಗೆ ಅವರ ರಕ್ತದ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿ 1.5 ಅಂಶ ಇಳಿಯಿತು; ಮಾಮೂಲಿ ಚಿಕಿತ್ಸೆಯಲ್ಲೇ ಉಳಿದವರದ್ದು 1.3. ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಏರಿದಾಗಲೇ ಸೇರಿಸಿಕೊಂಡವರಲ್ಲಿ ಅದು ಹೇಗೂ ಸ್ವಲ್ಪ ಇಳಿಯುತ್ತದೆ. ಹೋಲಿಕೆಯಿಲ್ಲದಿದ್ದರೆ ಆ ಪುಣ್ಯವೂ ತರಕಾರಿಯ ಖಾತೆಗೇ ಸೇರುತ್ತಿತ್ತು. ಆರು ತಿಂಗಳು ಸಾಲದು ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಕ್ಕರೆಯ ಅಂಕಿ ತೋರಿಸಿ ಹಣ ಪಡೆದವರು, ಅಂಕಿ ಇಳಿಯದಿದ್ದಾಗ ಬುಟ್ಟಿ ನಿಂತರೆ ಯಾರನ್ನು ದೂರಬೇಕು? ಹಸಿವು ಕಡಿಮೆಯಾದದ್ದನ್ನೇ ಫಲಿತಾಂಶವೆಂದು ಮೊದಲೇ ಬರೆದುಕೊಂಡಿದ್ದರೆ ಈ ಪ್ರಮೇಯ ಬರುತ್ತಿರಲಿಲ್ಲ.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ತಂಡ ಜಾರ್ಖಂಡಿನ 4 ಜಿಲ್ಲೆಗಳಲ್ಲಿ ನಡೆಸಿದ ಕ್ಷಯರೋಗದ ಅಧ್ಯಯನ ಇದರ ಇನ್ನೊಂದು ಮುಖ. ಅದೂ ಪ್ರಕಟವಾದದ್ದು 2023ರಲ್ಲೇ. ರೋಗಿಗಳಿಗೆಲ್ಲ ತಿಂಗಳಿಗೆ 10 ಕೆ.ಜಿ. ದಿನಸಿ ಕೊಟ್ಟರು. ಒಂದು ಗುಂಪಿನಲ್ಲಿ ಮಾತ್ರ ರೋಗಿಯ ಮನೆಯವರಿಗೂ ತಲಾ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಸಿಕ್ಕವು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದ್ದು ಶೇ. 39ರಷ್ಟು ಕಡಿಮೆ. ಅಕ್ಕಿ ಬೇಳೆಗೆ ಲಸಿಕೆಯ ಹತ್ತಿರದ ಫಲ! ಇದರಲ್ಲಿ ತಾಜಾ ತರಕಾರಿಯ ಸುದ್ದಿಯೇ ಇಲ್ಲ ಎಂಬುದು ತರಕಾರಿಯ ಪರ ಮಾತಾಡುವ ನನ್ನಂಥವರಿಗೆ ಸ್ವಲ್ಪ ಇರಿಸುಮುರಿಸೇ. ಆದರೂ ತರ್ಕ ಸರಿಯಾಗಿದೆ: ಆ ಜನರಿಗೆ ಕೊರತೆಯಿದ್ದದ್ದು ಹೊಟ್ಟೆ ತುಂಬುವ ಅನ್ನ ಮತ್ತು ಪ್ರೋಟೀನು, ಬುಟ್ಟಿಗೆ ಬಿದ್ದದ್ದೂ ಅದೇ.

ಹಾಗಿದ್ದರೆ ದುಡ್ಡನ್ನೇ ಕೊಟ್ಟುಬಿಡಿ, ಬೇಕಾದ್ದನ್ನು ಕೊಂಡುಕೊಳ್ಳಲಿ, ಬಡವರಿಗೆ ಊಟ ಕಲಿಸಲು ವೈದ್ಯರು ಯಾರು ಎಂಬ ಮಾತಿನಲ್ಲಿ ಹುರುಳಿದೆ. ಅಂಗಡಿ ಇರುವ ಕಡೆ ನಾನೂ ದುಡ್ಡಿನ ಪರ. ಆದರೆ ಅಮೆರಿಕದ ನವಾಹೋ ಮೂಲನಿವಾಸಿಗಳ ವಿಶಾಲ ಪ್ರದೇಶದಲ್ಲಿ ದೊಡ್ಡ ದಿನಸಿ ಅಂಗಡಿಗಳು ಬೆರಳೆಣಿಕೆಯಷ್ಟು. ಅಲ್ಲಿ ತರಕಾರಿಗೆಂದೇ ಮೀಸಲಾದ ಚೀಟಿ ಸಣ್ಣ ಅಂಗಡಿಗಳಿಗೆ ಗಿರಾಕಿ ಖಾತ್ರಿ ಮಾಡುತ್ತದೆ. ಆಗ ತಾಜಾ ಮಾಲು ತರಿಸುವ ಧೈರ್ಯ ಅಂಗಡಿಯವನಿಗೂ ಬರುತ್ತದೆ. ಬರಿ ದುಡ್ಡಿಗೆ ಈ ಗುಣವಿಲ್ಲ. ದುಡ್ಡಿಗೆ ಇನ್ನೊಂದು ತೊಡಕೂ ಇದೆ. ನಮ್ಮ ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ಕ್ಷಯರೋಗಿಗೆ ತಿಂಗಳಿಗೆ 500 ರೂಪಾಯಿ ಗೊತ್ತುಮಾಡಿತು. ಅದು 1,000 ಆದದ್ದು 2024ರ ನವೆಂಬರಿನಲ್ಲಿ. ಬೇಳೆಯ ಬೆಲೆ ಅಲ್ಲಿಯವರೆಗೆ ಕಾಯಲಿಲ್ಲ. ಅದೂ ರೋಗಿಯೊಬ್ಬರ ಹೆಸರಿಗೆ. ಮನೆಯವರ ಬುಟ್ಟಿಯನ್ನು ನಿಕ್ಷಯ್ ಮಿತ್ರರೆಂಬ ದಾನಿಗಳಿಗೆ ಬಿಟ್ಟಿದೆ. ಜಾರ್ಖಂಡಿನ ಲೆಕ್ಕ ಕೈಯಲ್ಲಿರುವಾಗ ಆ ಬುಟ್ಟಿಗೂ ಕ್ಷಯದ ಮಾತ್ರೆಯ ಹಾಗೆ ಬಜೆಟ್ಟಿನಲ್ಲೇ ಜಾಗ ಸಿಗಬೇಕಿತ್ತು.