ವರ್ಷಾವಾಸ ಮತ್ತು ಬಂಡೆ ಹತ್ತುವವರ ಜೂನ್


*ಇಂದಿನ ಚಿಂತನೆ*

ಭಿಕ್ಕುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ಏಕೆ ನಿಲ್ಲುತ್ತಾರೆ? ಧ್ಯಾನಕ್ಕೆ ಅನುಕೂಲವೆಂದು ನಾವು ಹೇಳಿಕೊಳ್ಳುತ್ತೇವೆ. ವಿನಯಪಿಟಕದ ಮಹಾವಗ್ಗ ಕೊಡುವ ಕಾರಣ ಬೇರೆ. ಇವರು ಮಳೆಯಲ್ಲೂ ತಿರುಗಿ ಹಸಿರು ತುಳಿಯುತ್ತಾರೆ, ಸಣ್ಣ ಜೀವಿಗಳು ಸಾಯುತ್ತವೆ, ಹಕ್ಕಿಗಳು ಕೂಡ ಈಗ ಗೂಡು ಕಟ್ಟಿ ಕೂರುತ್ತವಲ್ಲ ಎಂದು ಜನ ಗೊಣಗಿದರು. ಆ ಗೊಣಗಾಟವನ್ನು ಬುದ್ಧರು ತಳ್ಳಿಹಾಕಲಿಲ್ಲ, ವರ್ಷಾವಾಸದ ನಿಯಮ ಮಾಡಿದರು. ಉಳಿದ ಕಾಲದಲ್ಲಿ ಚಾರಿಕೆ ಎಂದಿನಂತೆಯೇ ನಡೆಯಿತು.

ಬಿಡುವಿದ್ದಾಗ ಬಂಡೆ ಹತ್ತುವ ನನಗೆ ಇದನ್ನು ಓದಿದಾಗಲೆಲ್ಲ ಅಮೆರಿಕದ ವಯೋಮಿಂಗ್‌ನಲ್ಲಿರುವ ಡೆವಿಲ್ಸ್ ಟವರ್ ನೆನಪಾಗುತ್ತದೆ. ಬುಡದಿಂದ ಸುಮಾರು 264 ಮೀಟರ್ ಎತ್ತರ, ಕಂಬಗಳನ್ನು ಜೋಡಿಸಿಟ್ಟಂಥ ಶಿಲೆ. ಹತ್ತುವವರಿಗೆ ಅದೊಂದು ಕನಸು. ಲಕೋಟಾ ಮತ್ತಿತರ ಮೂಲನಿವಾಸಿಗಳಿಗೆ ಅದು ಕರಡಿಯ ಮನೆ, ಪವಿತ್ರ ಸ್ಥಳ. ಜೂನ್ ತಿಂಗಳಲ್ಲಿ ಅಲ್ಲಿ ಅವರ ಪ್ರಾರ್ಥನೆ, ಉಪವಾಸ, ಸೂರ್ಯನೃತ್ಯ ನಡೆಯುತ್ತವೆ. ಆದ್ದರಿಂದ ಜೂನ್ ಪೂರ್ತಿ ದಯವಿಟ್ಟು ಹತ್ತಬೇಡಿ ಎಂದು 1995ರಿಂದ ಅಲ್ಲಿನ ಆಡಳಿತ ಕೇಳಿಕೊಳ್ಳುತ್ತಿದೆ. ಕೇಳಿಕೊಳ್ಳುತ್ತದೆ, ಅಷ್ಟೇ! ಹತ್ತಿದರೆ ದಂಡವಿಲ್ಲ. ಅದೇ ಬಂಡೆಯಲ್ಲಿ ಡೇಗೆ ಹಕ್ಕಿ ಗೂಡು ಕಟ್ಟಿದರೆ ಮಾತ್ರ ಆ ಭಾಗ ಕಡ್ಡಾಯವಾಗಿ ಮುಚ್ಚುತ್ತದೆ.

ಹಕ್ಕಿಗೆ ಕಾನೂನಿನ ಕಾವಲಿದೆ. ಪ್ರಾರ್ಥನೆಗೆ ಇರುವುದು ನಮ್ಮ ಶೀಲವೊಂದೇ. ಎರಡನೆಯ ಶೀಲವನ್ನು ನಾವು 'ಕಳ್ಳತನ ಮಾಡುವುದಿಲ್ಲ' ಎಂದು ಚಿಕ್ಕದು ಮಾಡಿಬಿಟ್ಟಿದ್ದೇವೆ. ಪಾಳಿಯ 'ಅದಿನ್ನಾದಾನ' ಎಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ಜೂನ್‌ನಲ್ಲಿ ಹತ್ತಿದವನು ಬಂಡೆಯನ್ನೇನೂ ಹೊತ್ತೊಯ್ಯುವುದಿಲ್ಲ, ನಿಜ. ಕೆಳಗೆ ಉಪವಾಸ ಕೂತವರ ಏಕಾಂತವನ್ನು ಯಾರೂ ಅವನಿಗೆ ಕೊಟ್ಟಿರಲಿಲ್ಲ.

ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ('ಶೋಲೆ'ಯ ಬೆಟ್ಟವೆಂದೇ ಇನ್ನೂ ಹೆಚ್ಚು ಜನಕ್ಕೆ ಗೊತ್ತು!) ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚಿನ ಮೇಲೆ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಪಕ್ಕದಲ್ಲಿ ಹಗ್ಗ ಇಳಿದು, ತಾಯಿ ಬೆದರಿ ಹಾರಿಹೋಗಿ ಮೊಟ್ಟೆ ಕೆಟ್ಟರೆ ಆ ವರ್ಷಕ್ಕೆ ಅಲ್ಲಿಗೆ ಮುಗಿಯಿತು. ಫಲಕ ಇದೆಯೋ ಇಲ್ಲವೋ, ಕಾವಲುಗಾರ ಬಂದಿದ್ದಾನೋ ಇಲ್ಲವೋ, ಅದು ಹಕ್ಕಿಗೆ ಸಂಬಂಧಿಸಿದ್ದಲ್ಲ.

ಅರಣ್ಯ ಇಲಾಖೆಯ ಅನುಮತಿ ಕೇಳುವುದು ಎಲ್ಲರಿಗೂ ತಿಳಿದದ್ದೇ. ಹೊಸ ಬಂಡೆಗೆ ಹೋಗುವಾಗ ನಾನು ಕೆಳಗಿನ ಊರಿನಲ್ಲೂ ಎರಡು ಮಾತು ಕೇಳುತ್ತೇನೆ: ಈ ಬಂಡೆಗೆ ನೀವು ಏನೆಂದು ಕರೆಯುತ್ತೀರಿ? ಯಾವಾಗ ಯಾರೂ ಹತ್ತಬಾರದು? ನಮ್ಮ ಕಡೆ ಎಷ್ಟೋ ಬೆಟ್ಟಗಳ ನೆತ್ತಿಯ ಮೇಲೊಂದು ಗುಡಿ ಇರುತ್ತದೆ. ಅದರ ಹಬ್ಬದ ದಿನ, ಹೆಜ್ಜೇನು ಕಟ್ಟುವ ಮೂಲೆ, ಎರಡೂ ಊರಿನ ಕುರಿ ಕಾಯುವವರಿಗೆ ಗೊತ್ತಿರುತ್ತದೆ.

ಭವತು ಸಬ್ಬ ಮಂಗಲಂ 🌼